ಹನ್ನೆರಡು ದಿನಗಳಲ್ಲಿ ಎಂಟು ದೇಶ: ಗಡಿಯನ್ನು ಕಾಣದ ಪ್ರವಾಸ

ಇಂದಿರಾಪುರಂನ ವಸತಿ ಸಮುಚ್ಚಯಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಉತ್ಸಾಹ ಕಾಣಿಸಿಕೊಂಡಿದೆ. ಜನವರಿಯ ಮಂಜು ಕರಗುವ ಮೊದಲೇ ಮೇ–ಜೂನ್ ರಜೆಯ ಯುರೋಪ್ ಪ್ರವಾಸದ ಮಾತು ಆರಂಭವಾಗುತ್ತದೆ. ಅದೂ ಪ್ರವಾಸಿ ಸಂಸ್ಥೆಯ ಬಸ್ಸಿನಲ್ಲಿ ಅಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಕಾರು ಬಾಡಿಗೆಗೆ ಪಡೆದು ತಾವೇ ಓಡಿಸಿಕೊಂಡು ಹೋಗುವ ಪ್ರವಾಸ. ಇದರಲ್ಲಿ ಆಕ್ಷೇಪಿಸುವಂಥದ್ದು ಏನೂ ಇಲ್ಲ. ದುಡಿದು ಸಂಪಾದಿಸಿದವರು ಲೋಕ ನೋಡಲು ಹೊರಡುವುದು ಒಳ್ಳೆಯದೇ. ನಮ್ಮ ಆಕ್ಷೇಪ ಹೊರಡುವುದರ ಬಗ್ಗೆ ಅಲ್ಲ, ಅವರು ಹಾಕಿಕೊಳ್ಳುವ ಯೋಜನೆಯ ಬಗ್ಗೆ. ಆ ಯೋಜನೆಗೆ ಈಗ ಒಂದು ಸಿದ್ಧ ರೂಪವೇ ಇದೆ: ನೆದರ್ಲೆಂಡ್ಸ್, ಬೆಲ್ಜಿಯಂ, ಫ್ರಾನ್ಸ್, ಲಕ್ಸೆಂಬರ್ಗ್, ಜರ್ಮನಿ, ಸ್ವಿಟ್ಜರ್ಲೆಂಡ್, ಲಿಕ್ಟೆನ್‌ಸ್ಟೈನ್, ಆಸ್ಟ್ರಿಯಾ. ಹನ್ನೆರಡು ದಿನ, ಎಂಟು ದೇಶ. ಯಾರು ಹೆಚ್ಚು ದೇಶ ಮುಟ್ಟಿ ಬಂದರೋ ಅವರ ಪ್ರವಾಸ ದೊಡ್ಡದು.

ಈ ಯೋಜನೆಯನ್ನು ಸಮರ್ಥಿಸುವವರು ಹೇಳುವ ಮಾತು ಒಂದೇ: ‘ಅಲ್ಲಿ ಗಡಿಯೇ ಇಲ್ಲ. ಒಂದು ಫಲಕ ದಾಟಿದರೆ ಇನ್ನೊಂದು ದೇಶ.’ ಇದು ಅರ್ಧ ಸತ್ಯ, ಮತ್ತು ಈ ಅರ್ಧ ಸತ್ಯವೇ ಇಡೀ ಪ್ರವಾಸವನ್ನು ಕೆಡಿಸುತ್ತಿದೆ ಎಂಬುದು ನಮ್ಮ ವಾದ. ಪಶ್ಚಿಮ ಯುರೋಪಿನ ರಸ್ತೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನೋಡಬೇಕಾದ ಸಂಗತಿ ಯಾವುದಾದರೂ ಇದ್ದರೆ ಅದು ಅಲ್ಲಿನ ಗಡಿ. ಅದನ್ನು ನೋಡದೆ ಎಂಟು ದೇಶಗಳನ್ನು ಹಾದುಬಂದವರು ಎಂಟು ಹೋಟೆಲುಗಳನ್ನು ಕಂಡು ಬಂದಿರುತ್ತಾರೆ. ಗಡಿಯ ಸಂಕಟವನ್ನು ಚೆನ್ನಾಗಿ ಬಲ್ಲ ಕನ್ನಡಿಗರು ಹೀಗೆ ಮಾಡುವುದು ಇನ್ನಷ್ಟು ಖೇದದ ಸಂಗತಿ.

ಮೊದಲು ಯೋಜನೆಯ ಲೆಕ್ಕವನ್ನೇ ನೋಡೋಣ. ಆಮ್‌ಸ್ಟರ್‌ಡ್ಯಾಮಿನಿಂದ ಬ್ರಸೆಲ್ಸ್, ಅಲ್ಲಿಂದ ಪ್ಯಾರಿಸ್, ಲಕ್ಸೆಂಬರ್ಗ್, ಸ್ಟ್ರಾಸ್‌ಬೂರ್ಗ್, ಇಂಟರ್‌ಲಾಕನ್, ವಾಡುಜ್, ಇನ್ಸ್‌ಬ್ರುಕ್, ಕೊನೆಗೆ ಮ್ಯೂನಿಕ್. ಒಟ್ಟು ಸುಮಾರು 2000 ಕಿ.ಮೀ. ಕಾಗದದ ಮೇಲೆ ಇದು ದಿನಕ್ಕೆ ಎರಡು ಮೂರು ಗಂಟೆಯ ಸುಲಭದ ಓಟ. ಆದರೆ ಪ್ರತಿದಿನ ಬೆಳಿಗ್ಗೆ ಸಾಮಾನು ಕಟ್ಟಬೇಕು, ಹೋಟೆಲು ಖಾಲಿ ಮಾಡಬೇಕು, ಹೊಸ ಊರಿನಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕಬೇಕು. ಎಡಬದಿಯ ಸಂಚಾರಕ್ಕೆ ಒಗ್ಗಿದ ಕೈ ಬಲಬದಿಗೆ ಹೊಂದಿಕೊಳ್ಳಬೇಕು. ಬೇರೆ ಸೂಚನೆ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡಬೇಕೆಂಬ ನಿಯಮ ಜರ್ಮನಿಯಲ್ಲೂ ಫ್ರಾನ್ಸಿನಲ್ಲೂ ಇದೆ. ರಾಷ್ಟ್ರೀಯ ಹೆದ್ದಾರಿ 9ರಲ್ಲಿ ನಿತ್ಯ ಕಾರು ಓಡಿಸುವವರಿಗೆ ಅದು ಒಂದೆರಡು ದಿನಗಳಲ್ಲಿ ರೂಢಿಯಾಗುವ ವಿಷಯವಲ್ಲ. ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ 40 ಫ್ರಾಂಕಿನ ವಾರ್ಷಿಕ ಚೀಟಿ ಬೇಕು. ಒಂದೇ ದಿನ ಓಡಿಸಿದರೂ ವರ್ಷದ ಹಣವೇ. ಆಸ್ಟ್ರಿಯಾದ ಚೀಟಿ ಬೇರೆ, ಫ್ರಾನ್ಸಿನ ಟೋಲ್ ಬೇರೆ, ಪ್ಯಾರಿಸಿನೊಳಗೆ ಹೋಗಲು ಹೊಗೆಯ ಪ್ರಮಾಣ ಸೂಚಿಸುವ ಬಿಲ್ಲೆ ಬೇರೆ. ಒಂದು ದೇಶದಲ್ಲಿ ಪಡೆದ ಕಾರನ್ನು ಇನ್ನೊಂದು ದೇಶದಲ್ಲಿ ಬಿಟ್ಟರೆ ಬಾಡಿಗೆಯ ಮೇಲೆ ಮತ್ತೊಂದು ದೊಡ್ಡ ಮೊತ್ತ ಬೀಳುತ್ತದೆ. ಗಡಿಯೇ ಇಲ್ಲ ಎನ್ನುವವರು ಪ್ರತಿ ಗಡಿಯಲ್ಲೂ ಹಣ ತೆರುತ್ತಾರೆ. ತೆತ್ತದ್ದು ಗಡಿಗೆ ಎಂಬುದು ಮಾತ್ರ ಅವರಿಗೆ ತಿಳಿಯುವುದಿಲ್ಲ.

ಇನ್ನು ಸೊಬಗಿನ ಮಾತು. ‘ಸುಂದರ ರಸ್ತೆ’ಗಳ ಆಸೆಯಿಂದ ಹೊರಡುವವರು ದಿನಕ್ಕೊಂದು ದೇಶದ ಗುರಿ ಇಟ್ಟುಕೊಂಡರೆ ವೇಗದ ಹೆದ್ದಾರಿಯನ್ನೇ ಹಿಡಿಯಬೇಕಾಗುತ್ತದೆ. ಹೆದ್ದಾರಿಗಳು ಊರುಗಳನ್ನು ತಪ್ಪಿಸಿ ಹೋಗುವುದಕ್ಕಾಗಿಯೇ ಹುಟ್ಟಿದವು. ಊರು ಹತ್ತಿರವಾದ ಕಡೆ ಸದ್ದು ತಡೆಯುವ ಗೋಡೆಗಳು ಎದ್ದಿರುತ್ತವೆ. ಆಲ್ಸಾಸಿನ ದ್ರಾಕ್ಷಿತೋಟಗಳ ನಡುವೆ ಮಾರ್ಲೆನ್‌ಹೈಮಿನಿಂದ ಥಾನ್‌ವರೆಗೆ ಹೋಗುವ, 1953ರಲ್ಲಿ ಆರಂಭವಾದ ಸುಮಾರು 170 ಕಿ.ಮೀ. ದಾರಿಯಾಗಲಿ, ಬಾಡೆನ್-ಬಾಡೆನ್‌ನಿಂದ ಫ್ರಾಯ್ಡೆನ್‌ಸ್ಟಾಟಿನ ಕಡೆಗೆ ಕಪ್ಪುಕಾಡಿನ ನೆತ್ತಿಯ ಮೇಲೆ ಸಾಗುವ ರಸ್ತೆಯಾಗಲಿ ನಿಧಾನವನ್ನು ಬೇಡುತ್ತವೆ. ಹಳ್ಳಿಯಿಂದ ಹಳ್ಳಿಗೆ, ಇಗರ್ಜಿಯ ಗೋಪುರದಿಂದ ಗೋಪುರಕ್ಕೆ ಹೋಗುವ ದಾರಿಗಳವು. ಸ್ವಿಟ್ಜರ್ಲೆಂಡಿನ ಫುರ್ಕಾ, ಗ್ರಿಮ್ಸೆಲ್ ಘಾಟಿಗಳ ಚಿತ್ರ ನೋಡಿ ಮೋಹಗೊಂಡು ಮೇ ತಿಂಗಳ ಮೂರನೆಯ ವಾರಕ್ಕೆ ಟಿಕೆಟು ಮಾಡಿಸುವವರನ್ನು ನಾವು ಬಲ್ಲೆವು. ಆ ಘಾಟಿಗಳ ಹಿಮ ತೆರವಾಗಿ ರಸ್ತೆ ತೆರೆಯುವುದು ಸಾಮಾನ್ಯವಾಗಿ ಜೂನಿನಲ್ಲಿ. ಶಾಲೆಯ ರಜೆ ನೋಡಿ ಹಾಕಿದ ಯೋಜನೆ ಬೆಟ್ಟದ ಋತುವನ್ನು ನೋಡಲಿಲ್ಲ. ಹೀಗೆ ಸೊಬಗಿಗೆಂದು ಹೊರಟ ಪ್ರವಾಸ ಸೊಬಗನ್ನೂ ಕಾಣದೆ ಮುಗಿಯುತ್ತದೆ.

ವಾಡುಜ್ ಪಟ್ಟಣದಲ್ಲಿ ನಡೆಯುವ ಒಂದು ವ್ಯವಹಾರ ಈ ಮನೋಭಾವವನ್ನು ಚೆನ್ನಾಗಿ ತೋರಿಸುತ್ತದೆ. ಲಿಕ್ಟೆನ್‌ಸ್ಟೈನಿಗೆ ಸ್ವಿಟ್ಜರ್ಲೆಂಡಿನ ಕಡೆಯಿಂದ ಹೋಗುವವರನ್ನು ಯಾರೂ ತಡೆಯುವುದಿಲ್ಲ, ಯಾರೂ ಮುದ್ರೆ ಒತ್ತುವುದಿಲ್ಲ. ಆದ್ದರಿಂದ ಅಲ್ಲಿನ ಪ್ರವಾಸಿ ಕಚೇರಿಯವರು ಶುಲ್ಕ ಪಡೆದು, ನೆನಪಿಗೆಂದು, ಪಾಸ್‌ಪೋರ್ಟಿನಲ್ಲಿ ಒಂದು ಮುದ್ರೆ ಒತ್ತಿಕೊಡುತ್ತಾರೆ. ಗಡಿ ಇಲ್ಲವೆಂದು ಸಂತೋಷಪಟ್ಟವರೇ ಗಡಿ ದಾಟಿದ ಗುರುತಿಗಾಗಿ ಸಾಲಿನಲ್ಲಿ ನಿಂತು ಹಣ ಕೊಡುತ್ತಾರೆ. ಅವರಿಗೆ ಬೇಕಾಗಿರುವುದು ದೇಶವಲ್ಲ, ದೇಶದ ಎಣಿಕೆ.

ಈಗ ‘ಗಡಿಯೇ ಇಲ್ಲ’ ಎಂಬ ಮಾತಿಗೆ ಬರೋಣ. ಗಾಜಿಯಾಬಾದ್ ಜಿಲ್ಲೆಯ ನಿವಾಸಿಗೆ ಯುರೋಪಿನ ಗಡಿ ಆರಂಭವಾಗುವುದು ರೈನ್ ನದಿಯ ದಂಡೆಯಲ್ಲಿ ಅಲ್ಲ, ದೆಹಲಿಯ ವೀಸಾ ಅರ್ಜಿ ಕೇಂದ್ರದಲ್ಲಿ. ಬ್ಯಾಂಕಿನ ಲೆಕ್ಕಪತ್ರ, ಆದಾಯ ತೆರಿಗೆಯ ವಿವರ, ಕಚೇರಿಯ ರಜೆಯ ಪತ್ರ, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ, ಪ್ರತಿ ರಾತ್ರಿಯ ತಂಗುದಾಣದ ದಾಖಲೆ, ಬೆರಳಚ್ಚು. 2024ರ ಜೂನ್‌ನಿಂದ ವಯಸ್ಕರಿಗೆ 90 ಯೂರೋ ಶುಲ್ಕ. ಅರ್ಜಿ ತಿರಸ್ಕೃತವಾದರೆ ಆ ಹಣ ಮರಳುವುದಿಲ್ಲ. ಇದೇ ವ್ಯವಸ್ಥೆ ಅರ್ಜಿದಾರನಿಗೆ ಒಂದು ಪ್ರಶ್ನೆಯನ್ನೂ ಕೇಳುತ್ತದೆ: ನಿಮ್ಮ ಪ್ರವಾಸದ ಮುಖ್ಯ ದೇಶ ಯಾವುದು? ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಎಲ್ಲ ಕಡೆ ಸಮಾನ ದಿನಗಳಾದರೆ ಮೊದಲು ಕಾಲಿಡುವ ದೇಶಕ್ಕೆ. ಎಂಟು ದೇಶಗಳ ಯೋಜನೆಯವರು ಈ ಪ್ರಶ್ನೆಗೆ ಕೈಗೆ ಸಿಕ್ಕ ಉತ್ತರ ಬರೆಯುತ್ತಾರೆ. ಯಾವ ದೇಶದ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆಯೋ ಅದೇ ಮುಖ್ಯ ದೇಶವಾಗಿಬಿಡುತ್ತದೆ. ಆದರೆ ಅದು ಗುಮಾಸ್ತನ ಪ್ರಶ್ನೆಯಷ್ಟೇ ಅಲ್ಲ, ಪ್ರತಿಯೊಬ್ಬ ಪ್ರವಾಸಿಯೂ ತನಗೆ ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ. ನೀವು ನಿಜವಾಗಿ ಎಲ್ಲಿಗೆ ಹೋಗುತ್ತಿದ್ದೀರಿ?

ಒಳಗಡಿಗಳೂ ಮಾಯವಾಗಿಲ್ಲ. ಫ್ರಾನ್ಸ್ 2015ರ ನವೆಂಬರಿನಿಂದ ತನ್ನ ಗಡಿಗಳಲ್ಲಿ ತಪಾಸಣೆಯನ್ನು ಮತ್ತೆ ತಂದಿದೆ. ಜರ್ಮನಿ 2024ರ ಸೆಪ್ಟೆಂಬರ್ 16ರಿಂದ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆ ಆರಂಭಿಸಿತು. ಹೊರಗಿನಿಂದ ಬರುವವರ ಬೆರಳಚ್ಚು ಮತ್ತು ಮುಖಚಿತ್ರ ದಾಖಲಿಸುವ ಹೊಸ ವ್ಯವಸ್ಥೆ 2025ರ ಅಕ್ಟೋಬರ್ 12ರಿಂದ ಜಾರಿಗೆ ಬರತೊಡಗಿದೆ. ಹತ್ತರಲ್ಲಿ ಒಂಬತ್ತು ಕಾರುಗಳು ನಿಲ್ಲದೆ ಹೋಗಬಹುದು. ನಿಲ್ಲಿಸಲ್ಪಡುವ ಹತ್ತನೆಯ ಕಾರಿನಲ್ಲಿ ಯಾರ ಮೈಬಣ್ಣದವರು ಇರುತ್ತಾರೆಂದು ಊಹಿಸಲು ಹೆಚ್ಚಿನ ಜಾಣ್ಮೆ ಬೇಡ.

ಆದರೂ ಆ ತೆರೆದ ರಸ್ತೆ ದೊಡ್ಡ ಸಾಧನೆಯೇ. ಅದು ಹೇಗೆ ಬಂತೆಂದು ತಿಳಿಯದವರಿಗೆ ಅದರ ಬೆಲೆ ಗೊತ್ತಾಗುವುದಿಲ್ಲ. 1985ರ ಜೂನ್ 14ರಂದು ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್, ಫ್ರಾನ್ಸ್, ಪಶ್ಚಿಮ ಜರ್ಮನಿಗಳ ಪ್ರತಿನಿಧಿಗಳು ಮೊಸೆಲ್ ನದಿಯ ಮೇಲೆ ಒಂದು ಹಡಗಿನಲ್ಲಿ ಕುಳಿತು ಒಪ್ಪಂದಕ್ಕೆ ಸಹಿ ಹಾಕಿದರು. ದಂಡೆಯ ಮೇಲಿದ್ದ ಲಕ್ಸೆಂಬರ್ಗಿನ ಸಣ್ಣ ಹಳ್ಳಿಯ ಹೆಸರು ಷೆಂಗೆನ್. ಫ್ರಾನ್ಸ್, ಜರ್ಮನಿ, ಲಕ್ಸೆಂಬರ್ಗ್ ಮೂರೂ ಕೂಡುವ ಜಾಗ ಅದು. ಸಹಿ ಬಿದ್ದ ಮೇಲೂ ತಪಾಸಣೆ ನಿಂತದ್ದು 1995ರ ಮಾರ್ಚ್ 26ರಂದು. ಮಾತುಕತೆಗೆ ಹತ್ತು ವರ್ಷ ಹಿಡಿಯಿತು. ಇಂದು ಆ ವಲಯದಲ್ಲಿ 29 ದೇಶಗಳಿವೆ. ನಮ್ಮ ಇಂದಿರಾಪುರಂನ ಪ್ರತಿ ಮನೆಯ ವೀಸಾ ಕಡತದ ಮೇಲೆ ಆ ಹಳ್ಳಿಯ ಹೆಸರಿದೆ. ಲಕ್ಸೆಂಬರ್ಗ್ ನಗರದಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಆ ಹಳ್ಳಿಯನ್ನು ನೋಡಿ ಬಂದವರು ಎಷ್ಟು ಮಂದಿ?

ಆ ಐದು ದೇಶಗಳು ಕೂಡಿ ಕುಳಿತದ್ದು ಒಳ್ಳೆಯತನದ ಹೆಚ್ಚಳದಿಂದ ಅಲ್ಲ, ಹೆಣಗಳ ಲೆಕ್ಕ ಮುಗಿಯದೆ ಹೋದದ್ದರಿಂದ. ಆಲ್ಸಾಸ್ ಪ್ರಾಂತ 1871ರಲ್ಲಿ ಫ್ರಾನ್ಸಿನಿಂದ ಜರ್ಮನಿಗೆ ಹೋಯಿತು, ಮೊದಲ ಮಹಾಯುದ್ಧದ ಬಳಿಕ ಫ್ರಾನ್ಸಿಗೆ ಮರಳಿತು, 1940ರಲ್ಲಿ ಮತ್ತೆ ಜರ್ಮನಿಯ ವಶವಾಯಿತು, ಆ ಯುದ್ಧದ ಕೊನೆಯಲ್ಲಿ ಮತ್ತೆ ಫ್ರಾನ್ಸಿಗೆ ಬಂತು. 1870ರಲ್ಲಿ ಹುಟ್ಟಿ ಎಪ್ಪತ್ತೈದು ವರ್ಷ ಬದುಕಿದ ಒಬ್ಬ ಹೆಂಗಸು ಮನೆಯ ಹೊಸಿಲು ದಾಟದೆಯೇ ನಾಲ್ಕು ಬಾರಿ ದೇಶ ಬದಲಿಸಿರುತ್ತಾಳೆ. ಅವಳ ಮನೆಮಾತು ಜರ್ಮನ್ ಬಳಗದ ಆಡುನುಡಿ. ಶಾಲೆಯ ಭಾಷೆ ಮಾತ್ರ ಬಾವುಟ ಬದಲಾದಂತೆ ಬದಲಾಗುತ್ತಿತ್ತು. ಇಂದು ಸ್ಟ್ರಾಸ್‌ಬೂರ್ಗಿನ ಟ್ರಾಮ್ 2017ರಿಂದ ರೈನ್ ನದಿ ದಾಟಿ ಜರ್ಮನಿಯ ಕೇಲ್ ಪಟ್ಟಣಕ್ಕೆ ಹೋಗುತ್ತದೆ. ನಡೆದು ದಾಟಲು ಒಂದು ಸೇತುವೆಯೂ ಇದೆ. ಒಂದು ಸಂಜೆ ಆ ಸೇತುವೆಯ ಮೇಲೆ ನಿಂತರೆ ಎಂಟು ದೇಶಗಳ ಹೆದ್ದಾರಿ ಕಲಿಸದ ಪಾಠ ಸಿಗುತ್ತದೆ. ಆದರೆ ನಮ್ಮವರ ಯೋಜನೆಯಲ್ಲಿ ಸ್ಟ್ರಾಸ್‌ಬೂರ್ಗಿಗೆ ದೊರೆಯುವುದು ಮಧ್ಯಾಹ್ನದ ಊಟದ ಹೊತ್ತು.

ಆ ಯುದ್ಧದಲ್ಲಿ ಸತ್ತವರು ಅವರ ಜನ ಮಾತ್ರವಲ್ಲ. ಇಂದಿರಾಪುರಂನಿಂದ ಎಕ್ಸ್‌ಪ್ರೆಸ್‌ವೇ ಹಿಡಿದರೆ ಒಂದು ಗಂಟೆಯೊಳಗೆ ಸಿಗುವ ಮೀರತ್‌ನ ಹೆಸರು ಹೊತ್ತ ಸೇನಾ ವಿಭಾಗ 1914ರ ಶರತ್ಕಾಲದಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಇಳಿಯಿತು. 1915ರ ಮಾರ್ಚಿನಲ್ಲಿ ಉತ್ತರ ಫ್ರಾನ್ಸಿನ ನವ್ ಶಾಪೆಲ್ ಹಳ್ಳಿಯ ಕಾಳಗದಲ್ಲಿ ಆ ವಿಭಾಗದವರು ಮುಂದಿದ್ದರು. ಗಡವಾಲಿನ ಯೋಧ ಗಬರ್ ಸಿಂಗ್ ನೇಗಿ ವಿಕ್ಟೋರಿಯಾ ಕ್ರಾಸ್ ಪಡೆದದ್ದು, ಪ್ರಾಣ ಕೊಟ್ಟದ್ದು ಅಲ್ಲಿಯೇ. ಸಮಾಧಿಯೂ ಸಿಗದ 4,700ಕ್ಕೂ ಹೆಚ್ಚು ಭಾರತೀಯರ ಸ್ಮಾರಕ 1927ರಲ್ಲಿ ಅಲ್ಲಿ ನಿಂತಿತು. ಬ್ರಸೆಲ್ಸ್–ಪ್ಯಾರಿಸ್ ದಾರಿಯಿಂದ ತುಸು ಪಕ್ಕಕ್ಕೆ ಸರಿದರೆ, ಲೀಲ್ ನಗರದ ಸಮೀಪ, ಅದು ಸಿಗುತ್ತದೆ. ಇಂದಿರಾಪುರಂನ ನಮ್ಮ ನೆರೆಮನೆಗಳಲ್ಲಿ ಗಡವಾಲಿ ಕುಟುಂಬಗಳು ಎಷ್ಟೋ ಇವೆ. ಐಫೆಲ್ ಗೋಪುರದ ಮುಂದೆ ನಿಲ್ಲುವ ಮೂರು ಗಂಟೆಗಳಲ್ಲಿ ಒಂದನ್ನು ಆ ಹೆಸರುಗಳ ಮುಂದೆ ನಿಲ್ಲಲು ಮೀಸಲಿಡುವುದು ದೊಡ್ಡ ತ್ಯಾಗವಲ್ಲ. ಯಾವ ಸಿದ್ಧ ಯೋಜನೆಯಲ್ಲೂ ಅದು ಕಾಣುವುದಿಲ್ಲ.

ಕನ್ನಡಿಗರು ತಪ್ಪದೆ ನೋಡಬೇಕಾದ ಇನ್ನೊಂದು ಊರು ಬೆಲ್ಜಿಯಂನ ಓಯ್ಪನ್. ಜರ್ಮನಿಯ ಆಖನ್ ನಗರದಿಂದ ಇಪ್ಪತ್ತು ಕಿ.ಮೀ. ಒಳಗೆ ಇದೆ. ಮೊದಲ ಮಹಾಯುದ್ಧದ ಬಳಿಕ ವರ್ಸಾಯ್ ಒಪ್ಪಂದದ ಪ್ರಕಾರ ಆ ಸೀಮೆ ಜರ್ಮನಿಯಿಂದ ಬೆಲ್ಜಿಯಂಗೆ ಸೇರಿತು. ಜನ ಆಡುವುದು ಜರ್ಮನ್. ದೇಶದ ದೊಡ್ಡ ಭಾಷೆಗಳು ಡಚ್ ಮತ್ತು ಫ್ರೆಂಚ್. ಜನಸಂಖ್ಯೆ ಸುಮಾರು 80,000; ಇಂದಿರಾಪುರಂನ ಕೆಲವೇ ಖಂಡಗಳ ಜನರನ್ನು ಕೂಡಿಸಿದರೆ ಆ ಸಂಖ್ಯೆಯನ್ನು ಮೀರಬಹುದು. ಅಷ್ಟು ಸಣ್ಣ ಸಮುದಾಯಕ್ಕೆ ಅಲ್ಲಿ ಸ್ವಂತ ಶಾಸನಸಭೆ ಇದೆ, ಸ್ವಂತ ಸರ್ಕಾರ ಇದೆ, ಶಿಕ್ಷಣ ಮತ್ತು ಸಂಸ್ಕೃತಿಯ ವಿಷಯದಲ್ಲಿ ತೀರ್ಮಾನ ಕೈಗೊಳ್ಳುವ ಅಧಿಕಾರ ಇದೆ. ಅವರ ಭಾಷೆ ಬೆಲ್ಜಿಯಂನ ಮೂರು ಅಧಿಕೃತ ಭಾಷೆಗಳಲ್ಲಿ ಒಂದು. ಇದಕ್ಕಾಗಿ ಗಡಿಯನ್ನು ಮತ್ತೆ ಎಳೆಯಬೇಕಾಗಲಿಲ್ಲ. ಇದರರ್ಥ ಬೆಲ್ಜಿಯಂ ಭಾಷಾಕಲಹವಿಲ್ಲದ ಸ್ವರ್ಗ ಎಂದಲ್ಲ. ಡಚ್ಚರೂ ಫ್ರೆಂಚರೂ ಜಗಳವಾಡಿ 1968ರಲ್ಲಿ ಲೂವೆನ್ನಿನ ಪ್ರಾಚೀನ ವಿಶ್ವವಿದ್ಯಾಲಯವನ್ನೇ ಇಬ್ಭಾಗಿಸುವ ಹಾದಿ ಹಿಡಿದವರು. ಅಂಥ ಜಗಳಗಂಟ ದೇಶದಲ್ಲೂ ಅತಿ ಸಣ್ಣವರಿಗೆ ನ್ಯಾಯ ಸಿಕ್ಕಿತೆಂಬುದೇ ಗಮನಿಸಬೇಕಾದ ಸಂಗತಿ.

ಓಯ್ಪನ್ ನೋಡಿದ ಕನ್ನಡಿಗನಿಗೆ ಕಾಸರಗೋಡು ನೆನಪಾಗದೆ ಇದ್ದೀತೆ? ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ನದಿಯ ಉತ್ತರದ ಭಾಗ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿತು, ಅದು ಜಾರಿಯಾಗಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳು, ಶತಾಯುಷಿ ಕಯ್ಯಾರ ಕಿಞ್ಞಣ್ಣ ರೈಗಳು ಆ ಮಣ್ಣಿನವರು. 2017ರಲ್ಲಿ ಕೇರಳ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡಿದಾಗ ಅಲ್ಲಿನ ಕನ್ನಡಿಗರು ಬೀದಿಗಿಳಿದರು. ಅರುವತ್ತು ವರ್ಷಗಳಿಂದ ನಾವು ‘ಆ ನೆಲ ನಮ್ಮದು’ ಎಂದು ಹೇಳುತ್ತ ಬಂದಿದ್ದೇವೆ. ‘ಆ ಮಕ್ಕಳಿಗೆ ಕನ್ನಡ ಬಲ್ಲ ಮೇಷ್ಟರು ಬೇಕು, ಆ ರೈತನಿಗೆ ಕನ್ನಡದಲ್ಲಿ ಅರ್ಜಿ ನಮೂನೆ ಬೇಕು’ ಎಂಬ ಮಾತು ಅಷ್ಟು ಗಟ್ಟಿಯಾಗಿ ಕೇಳಿಬಂದಿಲ್ಲ. ನೆಲದ ಮಾತು ಭಾಷಣಕ್ಕೆ ಒದಗುತ್ತದೆ. ಮೇಷ್ಟರ ಮಾತಿಗೆ ಕೆಲಸ ಮಾಡಬೇಕಾಗುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುವುದಾದರೆ, ಕಾಸರಗೋಡಿನಲ್ಲಿ, ಅಕ್ಕಲಕೋಟೆಯಲ್ಲಿ, ಜತ್ತದಲ್ಲಿ ಕನ್ನಡಿಗರಿಗಾಗಿ ನಾವು ಏನನ್ನು ಕೇಳುತ್ತೇವೋ ಅದನ್ನೇ ಬೆಳಗಾವಿ, ನಿಪ್ಪಾಣಿಗಳಲ್ಲಿ ಮರಾಠಿ ಮಾತನಾಡುವವರು ಕೇಳುತ್ತಾರೆ. ಅಲ್ಲಿ ಹಕ್ಕು ಎನಿಸಿದ್ದು ಇಲ್ಲಿ ದ್ರೋಹ ಎನಿಸಿದರೆ ನಮ್ಮ ವಾದಕ್ಕೆ ಬೆನ್ನೆಲುಬು ಇರುವುದಿಲ್ಲ. ಈ ಮಾತು ಕೆಲವರಿಗೆ ಕಹಿಯಾಗುತ್ತದೆಂದು ನಮಗೆ ಗೊತ್ತು. ಓಯ್ಪನ್ನಿನ ಶಾಸನಸಭೆಯ ಮುಂದೆ ಹತ್ತು ನಿಮಿಷ ನಿಂತು ಬಂದವರೊಡನೆ ಈ ಚರ್ಚೆ ಮುಂದುವರಿಸಲು ನಾವು ಸಿದ್ಧ.

ಪ್ರವಾಸದ ಚರ್ಚೆಯಲ್ಲಿ ರಾಜಕೀಯ ಏಕೆ ಎಂದು ಕೇಳುವವರಿಗೆ 2020ನೇ ಇಸವಿಯನ್ನು ನೆನಪಿಸಬೇಕು. ಆ ಮಾರ್ಚಿನಲ್ಲಿ ಯುರೋಪಿನ ಗಡಿಗಳೂ ಮುಚ್ಚಿದವು. ಜರ್ಮನಿಯ ಕಾನ್‌ಸ್ಟಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ಕ್ರಾಯ್ಟ್ಸ್‌ಲಿಂಗನ್ ಎಂಬ ಅಂಟಿಕೊಂಡ ಊರುಗಳ ನಡುವೆ ಬೇಲಿ ಎದ್ದಿತು. ಬೇಲಿಯ ಎರಡು ಕಡೆ ನಿಂತು ಜನ ಕೈ ಹಿಡಿದುಕೊಳ್ಳುತ್ತಾರೆಂದು ಸ್ವಲ್ಪ ದೂರದಲ್ಲಿ ಎರಡನೆಯ ಬೇಲಿಯನ್ನೂ ಹಾಕಿದರು. ಗಡಿ ಎಷ್ಟು ಬೇಗ ಮರಳಬಲ್ಲದೆಂದು ಅಲ್ಲಿನವರೂ ಆಗ ಕಂಡರು. ಆದರೆ ಅದೇ ವಾರಗಳಲ್ಲಿ ಆಲ್ಸಾಸಿನ ಆಸ್ಪತ್ರೆಗಳು ತುಂಬಿ ತುಳುಕಿದಾಗ ಗಡಿಯಾಚೆಯ ಜರ್ಮನಿಯ ಫ್ರೈಬುರ್ಗ್ ಮೊದಲಾದ ಊರುಗಳ ಆಸ್ಪತ್ರೆಗಳು ಫ್ರೆಂಚ್ ರೋಗಿಗಳನ್ನು ಕರೆಸಿಕೊಂಡವು. ಲಕ್ಸೆಂಬರ್ಗ್ ಮತ್ತು ಸ್ವಿಟ್ಜರ್ಲೆಂಡ್ ಕೂಡ ಹಾಸಿಗೆ ಕೊಟ್ಟವು. ಪ್ರವಾಸಿಗೆ ಮುಚ್ಚಿದ ಗಡಿ ಆಂಬುಲೆನ್ಸಿಗೆ ತೆರೆದಿತ್ತು.

ಅದೇ ಮಾರ್ಚಿನಲ್ಲಿ ತಲಪಾಡಿಯಲ್ಲಿ ಏನಾಯಿತು? ಕರ್ನಾಟಕ ಸರ್ಕಾರ ಕೇರಳದ ಗಡಿಯನ್ನು ಮುಚ್ಚಿತು. ಹಲವು ರಸ್ತೆಗಳ ಮೇಲೆ ಮಣ್ಣು ಸುರಿಯಲಾಯಿತು. ಚಿಕಿತ್ಸೆಗೆ ತಲೆಮಾರುಗಳಿಂದ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಗಡಿಯಲ್ಲಿ ತಡೆಯಲ್ಪಟ್ಟರು. ಸಕಾಲಕ್ಕೆ ಆಸ್ಪತ್ರೆ ತಲುಪಲಾಗದೆ ಕೆಲವರು ಪ್ರಾಣ ಬಿಟ್ಟರೆಂಬ ವರದಿಗಳು ಬಂದವು. ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗಿ, ತುರ್ತು ರೋಗಿಗಳನ್ನು ಬಿಡುವ ಕ್ರಮವೊಂದು ಏಪ್ರಿಲ್ ಮೊದಲ ವಾರ ಕಳೆಯುವ ಹೊತ್ತಿಗೆ ರೂಪುಗೊಂಡಿತು. ತಡೆಯಲ್ಪಟ್ಟವರಲ್ಲಿ ಕನ್ನಡಿಗರೂ ಇದ್ದರು, ತುಳುವರೂ ಇದ್ದರು, ಮಲಯಾಳಿಗಳೂ ಇದ್ದರು. ‘ಕಾಸರಗೋಡು ನಮ್ಮದು’ ಎಂಬ ಘೋಷಣೆ ಆ ದಿನಗಳಲ್ಲಿ ಎಲ್ಲಿ ಹೋಗಿತ್ತು? ಶತ್ರುಗಳಾಗಿ ಎರಡು ಮಹಾಯುದ್ಧ ಹೂಡಿದ ದೇಶಗಳು ಪರಸ್ಪರ ರೋಗಿಗಳನ್ನು ಎತ್ತಿಕೊಂಡವು; ಒಂದೇ ದೇಶದ ಎರಡು ರಾಜ್ಯಗಳ ನಡುವೆ ಮಣ್ಣಿನ ದಿಬ್ಬ ನಿಂತಿತು.

ಇಂದಿರಾಪುರಂನವರಿಗೆ ಇದು ದೂರದ ಕಥೆಯಲ್ಲ. 2020ರ ಏಪ್ರಿಲ್‌ನಲ್ಲಿ ಗಾಜಿಯಾಬಾದ್ ಜಿಲ್ಲಾಡಳಿತ ದೆಹಲಿಯ ಗಡಿ ಮುಚ್ಚಿತು, ಮೇ ಕೊನೆಯಲ್ಲಿ ಮತ್ತೊಮ್ಮೆ. ಜೂನ್ 1ರಂದು ದೆಹಲಿ ಸರ್ಕಾರವೇ ಒಂದು ವಾರ ಗಡಿ ಮುಚ್ಚಿತು. ಜೂನ್ 7ರಂದು ದೆಹಲಿ ಸರ್ಕಾರದ ಆಸ್ಪತ್ರೆಗಳು ದೆಹಲಿಯ ನಿವಾಸಿಗಳಿಗೆ ಮಾತ್ರ ಎಂಬ ಘೋಷಣೆ ಬಂತು. ಮಾರನೆಯ ದಿನ ಉಪರಾಜ್ಯಪಾಲರು ಅದನ್ನು ರದ್ದುಪಡಿಸಿದರು. ಆ ಒಂದು ದಿನದ ಮಟ್ಟಿಗೆ, ಗಾಜಿಪುರದ ಕಸದ ಬೆಟ್ಟದ ಈಚೆಗಿರುವ ನಾವೆಲ್ಲರೂ ಪರದೇಶಿಗಳಾಗಿದ್ದೆವು. ಮುಂದಿನ ವರ್ಷ ರೈತರ ಧರಣಿಯ ಹೊತ್ತಿನಲ್ಲಿ ಅದೇ ಗಾಜಿಪುರ ಗಡಿಯ ರಸ್ತೆಗೆ ಕಾಂಕ್ರೀಟಿನ ತಡೆಗಳೂ ಕಬ್ಬಿಣದ ಮೊಳೆಗಳೂ ಬಿದ್ದವು. ಬೆಂಗಳೂರಿನಿಂದ ವರ್ಗವಾಗಿ ಬಂದವರು ತಮ್ಮ ಕೆ.ಎ. ಸಂಖ್ಯೆಯ ಕಾರನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳಬೇಕಾದರೆ ನಿರಾಕ್ಷೇಪಣಾ ಪತ್ರ, ಮರುನೋಂದಣಿ, ಮತ್ತೆ ರಸ್ತೆ ತೆರಿಗೆ ಎಂದು ಓಡಾಡಬೇಕು. ಗಡಿಯನ್ನು ಇಷ್ಟು ಹತ್ತಿರದಿಂದ ಬಲ್ಲವರು ಗಡಿಯನ್ನು ಹೇಗೆ ಪಳಗಿಸಬಹುದೆಂದು ನೋಡುವ ಅವಕಾಶ ಸಿಕ್ಕಾಗ ಗಂಟೆಗೆ 120 ಕಿ.ಮೀ. ವೇಗದಲ್ಲಿ ಅದನ್ನು ಹಾದುಹೋಗುವುದು ಸರಿಯೇ?

ಎರಡು ಬಗೆಯ ಆಕ್ಷೇಪಗಳು ಬರುತ್ತವೆ. ಮೊದಲನೆಯದು: ‘ಜೀವನದಲ್ಲಿ ಒಮ್ಮೆ ಹೋಗುತ್ತೇವೆ, ಇರುವುದೇ ಹನ್ನೆರಡು ದಿನ, ಅಪ್ಪ ಅಮ್ಮನಿಗೆ ಎಪ್ಪತ್ತಾಯಿತು, ಆದಷ್ಟು ನೋಡಿ ಬರೋಣ ಎಂದರೆ ತಪ್ಪೇ?’ ಈ ಮಾತಿನ ಹಿಂದಿರುವ ಪ್ರೀತಿಯನ್ನು ನಾವು ಗೌರವಿಸುತ್ತೇವೆ. ಆದರೆ ಎಪ್ಪತ್ತರ ಹಿರಿಯರಿಗೆ ದಿನಕ್ಕೊಂದು ಹಾಸಿಗೆ ಬದಲಿಸುವುದು ಉಡುಗೊರೆಯಲ್ಲ, ಶಿಕ್ಷೆ. ಆಲ್ಸಾಸಿನ ಒಂದು ಹಳ್ಳಿಯಲ್ಲಿ ನಾಲ್ಕು ದಿನ ತಂಗಿ, ಅಡಿಗೆಮನೆ ಇರುವ ಮನೆಯಲ್ಲಿ ಅನ್ನ ಸಾರು ಮಾಡಿಕೊಂಡು, ಸಂಜೆ ದ್ರಾಕ್ಷಿತೋಟದ ದಾರಿಯಲ್ಲಿ ನಡೆದಾಡಿದರೆ ಅವರಿಗೆ ಆಗುವ ಸುಖ ಹೆಚ್ಚು. ಎರಡನೆಯ ಆಕ್ಷೇಪ ನಮ್ಮ ಸಾಹಿತ್ಯವಲಯದ್ದೇ: ‘ಯುರೋಪ್ ಏಕೆ? ಅದು ಗುಲಾಮಿ ಮನಸ್ಸು. ಆಗುಂಬೆ ಇಲ್ಲವೇ, ಕುದುರೆಮುಖ ಇಲ್ಲವೇ?’ ಇವೆ, ಅವುಗಳಿಗೂ ಹೋಗಬೇಕು. ಆದರೆ ಕಾರಂತರು ‘ಅಪೂರ್ವ ಪಶ್ಚಿಮ’ ಬರೆದದ್ದು ಗುಲಾಮಗಿರಿಯಿಂದ ಅಲ್ಲ. ಪಡುವಣವನ್ನು ಕಣ್ಣಿಟ್ಟು ನೋಡಿ, ಮೆಚ್ಚಬೇಕಾದುದನ್ನು ಮೆಚ್ಚಿ, ತಮ್ಮ ನಾಡಿನ ಜೊತೆ ತೂಗಿ ನೋಡುವ ಪರಂಪರೆ ಕನ್ನಡಕ್ಕೆ ಇದೆ. ಹೋಗದಿರುವುದು ಅದಕ್ಕೆ ಉತ್ತರವಲ್ಲ. ಕಣ್ಣಿಟ್ಟು ನೋಡುವುದು ಉತ್ತರ.

ಟೀಕಿಸಿ ಸುಮ್ಮನಾಗುವುದು ನ್ಯಾಯವಲ್ಲವಾದ್ದರಿಂದ ನಮ್ಮದೊಂದು ಯೋಜನೆಯನ್ನು ಮುಂದಿಡುತ್ತೇವೆ. ಇಂದಿರಾಪುರಂನಿಂದ ಹೊರಡುವ ಮೊದಲು ಸಾರಿಗೆ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಿರಿ. ಅದರ ಅವಧಿ ಒಂದು ವರ್ಷ. ವೀಸಾ ಅರ್ಜಿಯನ್ನು ಆರು ತಿಂಗಳ ಮೊದಲಿನಿಂದಲೇ ಸಲ್ಲಿಸಬಹುದು. ಕೊನೆಯ ತಿಂಗಳಿಗೆ ಇಡಬೇಡಿ. ದೆಹಲಿಯಿಂದ ನೇರ ವಿಮಾನವಿರುವ ಫ್ರಾಂಕ್‌ಫರ್ಟಿನಲ್ಲಿ ಕಾರು ಪಡೆದು ಅಲ್ಲಿಯೇ ಹಿಂತಿರುಗಿಸಿ; ಬೇರೆ ದೇಶದಲ್ಲಿ ಬಿಡುವ ದಂಡ ಉಳಿಯುತ್ತದೆ. ಯಾವ ಯಾವ ದೇಶಗಳಿಗೆ ಒಯ್ಯುತ್ತೀರೆಂದು ಬಾಡಿಗೆಯ ಕರಾರಿನಲ್ಲೇ ಬರೆಸಿಕೊಳ್ಳಿ. ಮೊದಲು ಆಖನ್, ಅದರ ಮಗ್ಗುಲಲ್ಲಿ ಜರ್ಮನಿ, ನೆದರ್ಲೆಂಡ್ಸ್, ಬೆಲ್ಜಿಯಂ ಕೂಡುವ ಸಣ್ಣ ಗುಡ್ಡ. ಅಲ್ಲಿಂದ ಓಯ್ಪನ್, ಆರ್ಡೆನ್ ಕಾಡಿನ ನಡುವೆ ದಕ್ಷಿಣಕ್ಕೆ ಇಳಿದು ಷೆಂಗೆನ್. ಬಳಿಕ ಸ್ಟ್ರಾಸ್‌ಬೂರ್ಗ್ ಮತ್ತು ಕೇಲ್, ದ್ರಾಕ್ಷಿತೋಟದ ದಾರಿಯಲ್ಲಿ ಕೋಲ್ಮಾರ್, ರೈನ್ ದಾಟಿ ಫ್ರೈಬುರ್ಗ್, ಕಪ್ಪುಕಾಡಿನ ಮೂಲಕ ಮರಳಿ ಫ್ರಾಂಕ್‌ಫರ್ಟ್. ಒಟ್ಟು ಸಾವಿರ ಕಿ.ಮೀ. ಆಸುಪಾಸು, ಮೂರೇ ತಂಗುದಾಣ. ಜರ್ಮನಿ, ಬೆಲ್ಜಿಯಂ, ಲಕ್ಸೆಂಬರ್ಗ್‌ಗಳ ಹೆದ್ದಾರಿಯಲ್ಲಿ ಕಾರಿಗೆ ಟೋಲ್ ಇಲ್ಲ. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗಳ ಚೀಟಿಯೂ ಬೇಡ. ದೇಶಗಳ ಎಣಿಕೆ ಬೇಕೇ ಬೇಕೆನ್ನುವವರಿಗೆ ಇದರಲ್ಲೂ ಐದು ಸಿಗುತ್ತವೆ. ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಡದೆ ಸದಾ ಜೊತೆಗೆ ಇಟ್ಟುಕೊಳ್ಳಿ. ಅದು ಏಕೆಂದು ಮೇಲೆ ಹೇಳಿದ್ದೇವೆ.

ಇಷ್ಟು ಮಾಡಿ ಹಿಂತಿರುಗಿದವರಿಂದ ನಾವು ಕೇಳುವುದು ಭಾವಚಿತ್ರಗಳನ್ನಲ್ಲ, ಕನ್ನಡದಲ್ಲಿ ಬರೆದ ನಾಲ್ಕು ಪುಟಗಳನ್ನು. ಒಂದು ನದಿಯ ಎರಡು ದಂಡೆಯವರು ಹೇಗೆ ಒಂದೇ ಟ್ರಾಮಿನಲ್ಲಿ ಕುಳಿತರು, ಒಂದು ಸಣ್ಣ ಭಾಷೆಗೆ ದೊಡ್ಡ ದೇಶ ಹೇಗೆ ಜಾಗ ಕೊಟ್ಟಿತು, ಎಲ್ಲಿ ಕೊಡಲಿಲ್ಲ, ಎಲ್ಲಿ ಪೊಲೀಸರು ತಡೆದರು ಎಂಬುದನ್ನು ಬರೆಯಿರಿ. ಅಂಥ ಬರಹಗಳು ಹತ್ತು ಬಂದರೆ ತಲಪಾಡಿಯಲ್ಲಿ ಮುಂದಿನ ಸಲ ಮಣ್ಣಿನ ಲಾರಿ ಬರುವಾಗ ‘ಮೊದಲು ಆಂಬುಲೆನ್ಸಿಗೆ ದಾರಿ ಬಿಡಿ’ ಎಂದು ಕೇಳುವ ಕನ್ನಡಿಗರು ಹತ್ತು ಮಂದಿಯಾದರೂ ಹೆಚ್ಚು ಇರುತ್ತಾರೆ.